ಕೋಳಿಯ ಜ್ವರ ನಮ್ಮ ಗಂಟಲಲ್ಲಿ ಸುಲಭವಾಗಿ ಏಕೆ ಬೇರೂರುವುದಿಲ್ಲ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮನೆಯಲ್ಲಿ ಇಪ್ಪತ್ತು ನಾಟಿ ಕೋಳಿ, ಮೂರು ಹಸು ಇವೆ. ಪಕ್ಕದ ತೋಟದವರು ಕೆರೆಗೆ ಬಾತುಕೋಳಿ ಬಿಟ್ಟಿದ್ದಾರೆ. ಮಂಗನ ಕಾಯಿಲೆ ಮಂಗಗಳಿಂದ ಮನುಷ್ಯರಿಗೆ ಬರುತ್ತದೆ. ಹಾಗಿದ್ದ ಮೇಲೆ ಹಕ್ಕಿಜ್ವರ ಕೋಳಿಯಿಂದ ನಮಗೆ ಅಷ್ಟೇ ಸುಲಭವಾಗಿ ಏಕೆ ಬರುವುದಿಲ್ಲ? ಅಮೆರಿಕದಲ್ಲಿ ಹಸುಗಳಿಗೂ ಬಂತು ಎಂದು ಓದಿದೆ. ಹಸುವಿಗೆ ಬಂದದ್ದು ನಮಗೆ ಬರಲು ಎಷ್ಟು ದೂರ? ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳು ನಮ್ಮ ಗದ್ದೆಗೂ ಇಳಿಯುತ್ತವೆ. ಅವುಗಳಿಗೆ ಹೆದರಬೇಕೇ?

ಉತ್ತರ: ನಿಮ್ಮ ಪ್ರಶ್ನೆ ಓದಿದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು 1957ನೇ ಇಸವಿ. ಆ ವರ್ಷದ ಮಾರ್ಚಿನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದ್ದರು. ಅದೇ ವರ್ಷ ಚೀನಾದಲ್ಲಿ ಕಾಣಿಸಿಕೊಂಡ ಏಷ್ಯನ್ ಫ್ಲೂ ಕೆಲವೇ ತಿಂಗಳಲ್ಲಿ ಭೂಮಂಡಲವನ್ನೆಲ್ಲ ಸುತ್ತಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮೊದಲನೆಯದು, ಅಂದರೆ ನೀವು ಹೇಳಿದ ಮಂಗನ ಕಾಯಿಲೆ, ಕಾಡಿನ ವೈರಸ್. ಎರಡನೆಯದರ ಮೈಮೇಲಿನ ಪ್ರೋಟೀನುಗಳು ಹಕ್ಕಿಗಳಿಂದ ಬಂದವು. ಒಂದು ಇಂದಿಗೂ ಪಶ್ಚಿಮ ಘಟ್ಟದ ಕಾಡಂಚನ್ನು ಬಿಟ್ಟು ಹೋಗಿಲ್ಲ, ಇನ್ನೊಂದಕ್ಕೆ ಯಾವ ಗಡಿಯೂ ತಡೆಯಾಗಲಿಲ್ಲ. ಈ ವ್ಯತ್ಯಾಸವನ್ನು ಹಿಡಿದು ಹೊರಟರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಮೊದಲು ಒಂದು ತಿದ್ದುಪಡಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಮಂಗನಿಂದ ನೇರವಾಗಿ ನಮಗೆ ಬರುವುದಿಲ್ಲ. ಉಣುಗು ಕಚ್ಚಿ ವೈರಸ್ಸನ್ನು ಚರ್ಮದ ಒಳಗೆ ಇಳಿಸುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಕೆಳಗಿಳಿದು ತರಗೆಲೆಯ ಮೇಲೆ ಹರಡುತ್ತವೆ. ಸೊಪ್ಪು ಸೌದೆಗೆ ಹೋದವರಿಗೆ ಅಲ್ಲಿ ಅಂಟುತ್ತವೆ. ಅಂದರೆ ಆ ವೈರಸ್ಸನ್ನು ಬಾಗಿಲು ದಾಟಿಸಿ ಒಳಗೆ ಬಿಡಲು ಒಂದು ಉಣುಗು ಇದೆ. ಉಣುಗು ಇಲ್ಲದಿದ್ದರೆ ಅದು ರೋಗಿಯಿಂದ ಪಕ್ಕದಲ್ಲಿ ಮಲಗಿದವನಿಗೂ ಹರಡುವುದಿಲ್ಲ.

ಫ್ಲೂ ವೈರಸ್‌ಗೆ ಅಂಥ ಸಹಾಯಕ ಇಲ್ಲ. ಅದು ಕೆಮ್ಮಿನ ಹನಿಯಲ್ಲೋ ಹಿಕ್ಕೆಯ ಧೂಳಿನಲ್ಲೋ ಬಂದು ಮೂಗಿನ ಒಳಪದರದ ಮೇಲೆ ಬೀಳುತ್ತದೆ. ಅಲ್ಲಿ ಸಿಂಬಳ ಹರಿಯುತ್ತಿದೆ, ಜೀವಕೋಶಗಳ ಸೂಕ್ಷ್ಮ ರೋಮಗಳು ಎಲ್ಲವನ್ನೂ ಗಂಟಲ ಕಡೆಗೆ ಗುಡಿಸುತ್ತಿವೆ. ಆ ಹೊಳೆಯಲ್ಲಿ ಕೊಚ್ಚಿಹೋಗುವ ಮೊದಲು ಅದು ತಾನೇ ಏನನ್ನಾದರೂ ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳುವುದು ಒಂದು ಸಕ್ಕರೆಯನ್ನು.

ನಮ್ಮ ಜೀವಕೋಶಗಳ ಹೊರಮೈ ನುಣ್ಣಗಿಲ್ಲ. ಅದರ ಮೇಲೆ ಸಕ್ಕರೆಯ ಅಣುಗಳು ಸರಪಳಿಯಾಗಿ, ಕವಲೊಡೆದು, ಪಾಚಿಯಂತೆ ಬೆಳೆದಿವೆ. ಈ ಸರಪಳಿಗಳ ತುತ್ತತುದಿಯಲ್ಲಿ ಬಹುಪಾಲು ಇರುವುದು ಸಯಾಲಿಕ್ ಆಮ್ಲ ಎಂಬ ಸಕ್ಕರೆ. ಒಂಬತ್ತು ಇಂಗಾಲದ ಪರಮಾಣುಗಳಿರುವ, ಋಣ ವಿದ್ಯುದಂಶ ಹೊತ್ತ ಅಣು. ಸ್ವೀಡನ್ನಿನ ಗುನ್ನರ್ ಬ್ಲಿಕ್ಸ್ 1936ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಜೊಲ್ಲುಗ್ರಂಥಿಯ ಲೋಳೆಯಿಂದ. ಹೆಸರು ಬಂದಿರುವುದೂ ಜೊಲ್ಲು ಎಂಬ ಅರ್ಥದ ಗ್ರೀಕ್ ಪದದಿಂದಲೇ. ನಿಮ್ಮ ಕೊಟ್ಟಿಗೆಯ ಹಸು ಮೆಲುಕು ಹಾಕುವಾಗ ಬಾಯಿಂದ ಇಳಿಯುವ ಎಳೆ ಎಳೆ ಜೊಲ್ಲಿನ ಜಾರುಗುಣದಲ್ಲಿ ಈ ಸಕ್ಕರೆಯ ಪಾಲು ದೊಡ್ಡದು.

ಈಗ ಮುಖ್ಯ ವಿಷಯ. ಸಯಾಲಿಕ್ ಆಮ್ಲ ಹಕ್ಕಿಗಳಲ್ಲೂ ಇದೆ, ನಮ್ಮಲ್ಲೂ ಇದೆ, ಹಂದಿಯಲ್ಲೂ ಇದೆ. ಬೇರೆಯಾಗಿರುವುದು ಅದು ತನ್ನ ಹಿಂದಿನ ಸಕ್ಕರೆಗೆ, ಅಂದರೆ ಗ್ಯಾಲಕ್ಟೋಸಿಗೆ, ಹೇಗೆ ಜೋಡಿಸಿಕೊಂಡಿದೆ ಎಂಬುದು. ಗ್ಯಾಲಕ್ಟೋಸಿನ ಇಂಗಾಲಗಳಿಗೆ ಒಂದರಿಂದ ಆರರವರೆಗೆ ಸಂಖ್ಯೆ ಕೊಡುತ್ತಾರೆ. ಮೂರನೆಯದು ಉಂಗುರದಲ್ಲಿಯೇ ಇದೆ, ಆರನೆಯದು ಉಂಗುರದಿಂದ ಹೊರಗೆ ಚಾಚಿಕೊಂಡಿದೆ. ಸಯಾಲಿಕ್ ಆಮ್ಲದ ಎರಡನೆಯ ಇಂಗಾಲ ಮೂರನೆಯದಕ್ಕೆ ಕೂಡಿದರೆ ಆಲ್ಫಾ 2,3 ಬೆಸುಗೆ. ಆರನೆಯದಕ್ಕೆ ಕೂಡಿದರೆ ಆಲ್ಫಾ 2,6 ಬೆಸುಗೆ.

ಕೇಳಲು ಇದು ಬರಿಯ ಲೆಕ್ಕದಂತಿದೆ. ಅಡಿಕೆಯ ಕೊನೆ ಕೊಯ್ಯುವ ದೋಟಿಯನ್ನು ನೆನಪಿಸಿಕೊಳ್ಳಿ. ಅದೇ ಕತ್ತಿ, ಅದೇ ಕೋಲು. ಕತ್ತಿಯನ್ನು ಕೋಲಿಗೆ ಬಿಗಿಯಾಗಿ ನೇರಕ್ಕೆ ಕಟ್ಟಿದರೆ ಒಂದು ಬಗೆ. ನಡುವೆ ಒಂದು ಸಣ್ಣ ತುಂಡು ಸೇರಿಸಿ ಕಟ್ಟಿದರೆ ಅದು ಬಾಗುತ್ತದೆ, ಹೊರಳುತ್ತದೆ, ಮೊದಲು ತಾಗುತ್ತಿದ್ದ ಜಾಗಕ್ಕೆ ತಾಗುವುದಿಲ್ಲ. ಆಲ್ಫಾ 2,3 ಬೆಸುಗೆ ನೇರಕ್ಕೆ ಕಟ್ಟಿದ ಕತ್ತಿಯಂತೆ: ಸಕ್ಕರೆ ಚಾಚಿಕೊಂಡು, ಹೆಚ್ಚು ಹೊರಳದೆ ನಿಲ್ಲುತ್ತದೆ. ಆಲ್ಫಾ 2,6ರಲ್ಲಿ ಆರನೆಯ ಇಂಗಾಲವೇ ಆ ಹೆಚ್ಚುವರಿ ತುಂಡು. ಅಲ್ಲಿ ಸರಪಳಿ ಬಾಗಿ, ಉದ್ದವಾಗಿದ್ದರೆ ಕೊಡೆಯಂತೆ ಹರಡಿಕೊಳ್ಳುತ್ತದೆ. ವೈರಸ್ ಕೈಯಾಡಿಸಿ ಗುರುತಿಸುವುದು ಈ ಭಂಗಿಯನ್ನು.

ಬಾತುಕೋಳಿಯ ಕರುಳಿನ ತುಂಬ ಇರುವುದು ಆಲ್ಫಾ 2,3. ನಮ್ಮ ಮೂಗು, ಗಂಟಲು, ಶ್ವಾಸನಾಳದ ಮೇಲ್ಭಾಗದಲ್ಲಿ ಆಲ್ಫಾ 2,6ರದೇ ಮೇಲುಗೈ. ಹಕ್ಕಿಯ ವೈರಸ್ ಮೊದಲನೆಯದನ್ನು ಬಯಸುತ್ತದೆ, ಮನುಷ್ಯರ ವೈರಸ್ ಎರಡನೆಯದನ್ನು. 1983ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ಗ್ಯಾರಿ ರೋಜರ್ಸ್ ಮತ್ತು ಜೇಮ್ಸ್ ಪಾಲ್ಸನ್. ಅಂದಿನಿಂದ ಇಂದಿನವರೆಗಿನ ಹಕ್ಕಿಜ್ವರದ ಆತಂಕವೆಲ್ಲ ಈ ಒಂದು ಬೆಸುಗೆಯ ಸುತ್ತ ತಿರುಗುತ್ತಿದೆ ಎಂದರೆ ತಪ್ಪಿಲ್ಲ.

ಹಿಡಿಯುವ ಕೈ ಯಾವುದು? ಫ್ಲೂ ವೈರಸ್ಸಿನ ಮೈಮೇಲೆ ನೂರಾರು ಮುಳ್ಳುಗಳಿವೆ. ಹೆಚ್ಚಿನವು ಹಿಮಾಗ್ಲುಟಿನಿನ್, ಉಳಿದವು ನ್ಯೂರಾಮಿನಿಡೇಸ್. ಹಕ್ಕಿಜ್ವರದ ವೈರಸ್ಸಿಗಿರುವ ಎಚ್5ಎನ್1 ಎಂಬ ಹೆಸರಿನಲ್ಲಿ ಎಚ್ ಮತ್ತು ಎನ್ ಎಂದರೆ ಇವೇ. ಒಂದೊಂದು ಹಿಮಾಗ್ಲುಟಿನಿನ್ ಮುಳ್ಳೂ ಮೂರು ಎಳೆಗಳ ಹೆಣಿಗೆ, ಪ್ರತಿ ಎಳೆಯ ತಲೆಯ ಮೇಲೆ ಒಂದು ಸಣ್ಣ ತಗ್ಗು. ಸಯಾಲಿಕ್ ಆಮ್ಲ ಕೂರುವುದು ಆ ತಗ್ಗಿನಲ್ಲಿ. ಇದನ್ನು ವಿವರಿಸುವವರು ಸಾಮಾನ್ಯವಾಗಿ ಬೀಗ ಮತ್ತು ಕೀಲಿಕೈಯ ಉಪಮೆ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೀಲಿಕೈ ಒಂದಿದ್ದರೆ ಸಾಕು, ಬೀಗ ತೆರೆಯುತ್ತದೆ. ಇಲ್ಲಿ ಒಂದು ತಗ್ಗು ಒಂದು ಸಕ್ಕರೆಯನ್ನು ಹಿಡಿಯುವ ಹಿಡಿತ ತೀರಾ ಸಡಿಲ, ಹಿಡಿದ ಮರುಗಳಿಗೆಯೇ ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಗದ್ದೆಯ ಬದುವಿನಲ್ಲಿ ನಡೆದು ಬಂದರೆ ಪಂಚೆಗೆ ಉತ್ತರಾಣಿ ಮೆತ್ತಿಕೊಂಡಿರುತ್ತದಲ್ಲ, ಅದು ಸರಿಯಾದ ಹೋಲಿಕೆ. ಉತ್ತರಾಣಿಯ ಒಂದು ಮುಳ್ಳುತುದಿ ಬಟ್ಟೆಯನ್ನು ಹಿಡಿದರೆ ಕೊಡವಿದಾಗ ಬೀಳುತ್ತದೆ. ಹತ್ತಾರು ತುದಿಗಳು ಒಟ್ಟಿಗೆ ಹಿಡಿದರೆ ಉಗುರಿನಿಂದ ಕೀಳಬೇಕು. ವೈರಸ್ಸಿನ ಬಲವೂ ಹೀಗೆ ಎಣಿಕೆಯಿಂದ ಬಂದದ್ದು. ಆದ್ದರಿಂದಲೇ ಹಕ್ಕಿ ಮತ್ತು ಮನುಷ್ಯರ ನಡುವಿನ ತಡೆ ಗೋಡೆಯಂತೆ ಗಟ್ಟಿಯಲ್ಲ. ಹಕ್ಕಿಯ ವೈರಸ್ ನಮ್ಮ ಸಕ್ಕರೆಯನ್ನು ಸ್ವಲ್ಪವೂ ಮುಟ್ಟುವುದಿಲ್ಲ ಎಂದಲ್ಲ. ಸಾಕಷ್ಟು ಕಡೆ ಸಾಕಷ್ಟು ಹೊತ್ತು ಹಿಡಿಯುವುದಿಲ್ಲ ಎಂದು.

ಇದನ್ನು ಕಣ್ಣಾರೆ ನೋಡಬಹುದು. ನಾನು ಶಿವಮೊಗ್ಗದಲ್ಲಿ ಪಶುವೈದ್ಯ ವಿದ್ಯಾರ್ಥಿಗಳಿಗೆ ವೈರಸ್ಸುಗಳ ಪಾಠ ಹೇಳುವವನು. ಪ್ರತಿ ತಂಡಕ್ಕೂ ನಾನು ತಪ್ಪದೆ ಮಾಡಿಸುವ ಒಂದು ಪ್ರಯೋಗವಿದೆ. ಚೆನ್ನೆಮಣೆಯಂತೆ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ. ಜೀವಂತ ಹಕ್ಕಿಜ್ವರದ ವೈರಸ್ಸನ್ನು ತರಗತಿಗೆ ತರುವ ಹಾಗಿಲ್ಲ. ಕೋಳಿಗಳಿಗೆ ಹಾಕುವ ಕೊಕ್ಕರೆ ರೋಗದ ಲಸಿಕೆಯ ವೈರಸ್ಸನ್ನು ಬಳಸುತ್ತೇವೆ. ಅದು ಬೇರೆ ಕುಟುಂಬದ್ದು, ಆದರೂ ಹಿಡಿಯುವುದು ಇದೇ ಸಯಾಲಿಕ್ ಆಮ್ಲವನ್ನು. ಒಂದೊಂದು ಗುಳಿಗೂ ಅರ್ಧರ್ಧ ತೆಳುಮಾಡುತ್ತ ವೈರಸ್ ಹಾಕಿ, ಮೇಲೆ ಕೋಳಿಯ ಕೆಂಪು ರಕ್ತಕಣಗಳ ಒಂದು ಹನಿ ಬಿಟ್ಟು ಅರ್ಧ ಗಂಟೆ ಅಲುಗಾಡಿಸದೆ ಇಡಬೇಕು. ವೈರಸ್ ಇಲ್ಲದ ಗುಳಿಯಲ್ಲಿ ಕಣಗಳು ಜಾರಿ ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂರುತ್ತವೆ. ತಟ್ಟೆಯನ್ನು ಓರೆ ಹಿಡಿದರೆ ಆ ಬೊಟ್ಟು ಕಣ್ಣೀರಿನಂತೆ ಕೆಳಗೆ ಇಳಿಯುತ್ತದೆ. ವೈರಸ್ ಇರುವ ಗುಳಿಯಲ್ಲಿ ಬೊಟ್ಟು ಇಲ್ಲ. ಕಣಕ್ಕೂ ಕಣಕ್ಕೂ ನಡುವೆ ವೈರಸ್ ಸೇತುವೆ ಕಟ್ಟಿ, ತಳದ ತುಂಬ ತೆಳ್ಳನೆಯ ಕೆಂಪು ಬಲೆ ಹರಡಿರುತ್ತದೆ, ಓರೆ ಮಾಡಿದರೂ ಅಲುಗುವುದಿಲ್ಲ. ಕಣ್ಣಿಗೆ ಕಾಣದ ಹಿಡಿತವೊಂದನ್ನು ಹೀಗೆ ಬರಿಗಣ್ಣಿನಲ್ಲಿ ನೋಡಿದ ಹುಡುಗ ಹುಡುಗಿಯರು ಆ ಪಾಠವನ್ನು ಮರೆತದ್ದನ್ನು ನಾನು ಕಂಡಿಲ್ಲ.

ಫ್ಲೂ ವೈರಸ್ಸಿನಲ್ಲಿ ಇದನ್ನು 1941ರಲ್ಲಿ ಗಮನಿಸಿದವರಲ್ಲಿ ಒಬ್ಬರು ನ್ಯೂಯಾರ್ಕಿನ ಜಾರ್ಜ್ ಹರ್ಸ್ಟ್. ಅವರು ಅಲ್ಲಿಗೇ ಬಿಡಲಿಲ್ಲ. ತಟ್ಟೆ ಬೆಚ್ಚಗಿದ್ದರೆ ಕೆಲವು ಗಂಟೆಗಳಲ್ಲಿ ಬಲೆ ತಾನಾಗಿ ಕುಸಿಯುತ್ತದೆ. ಹಾಗೆ ಕಳಚಿಕೊಂಡ ವೈರಸ್ ಹೊಸ ರಕ್ತಕಣಗಳನ್ನು ಮತ್ತೆ ಹಿಡಿಯಬಲ್ಲದು. ಆದರೆ ಒಮ್ಮೆ ಹಿಡಿಸಿಕೊಂಡು ಬಿಡುಗಡೆಯಾದ ಕಣಗಳನ್ನು ಹೊಸ ವೈರಸ್ ಕೂಡ ಹಿಡಿಯಲಾರದು. ಅಂದರೆ ವೈರಸ್ ಹೋಗುವಾಗ ಕಣದ ಮೇಲಿನದೇನನ್ನೋ ಕತ್ತರಿಸಿ ಹೋಗಿದೆ. ಕತ್ತರಿಸಿದ್ದು ಸಯಾಲಿಕ್ ಆಮ್ಲವನ್ನು, ಕತ್ತರಿ ಎಂದರೆ ನ್ಯೂರಾಮಿನಿಡೇಸ್.

ಹಿಡಿಯುವ ಕೈ ಇದ್ದ ಮೇಲೆ ಕತ್ತರಿ ಏಕೆ ಬೇಕು? ನಮ್ಮ ಸಿಂಬಳದಲ್ಲೂ ಸಯಾಲಿಕ್ ಆಮ್ಲ ತುಂಬಿದೆ. ದೇಹ ಒಡ್ಡಿದ ಬಲೆ ಅದು: ವೈರಸ್ ಅಲ್ಲೇ ಅಂಟಿಕೊಂಡರೆ ಜೀವಕೋಶ ತಲುಪುವ ಮೊದಲೇ ಕಫದೊಂದಿಗೆ ಹೊರಬೀಳುತ್ತದೆ. ಕತ್ತರಿ ಅದರಿಂದ ಬಿಡಿಸುತ್ತದೆ. ಮುಂದೆ ಕೋಶದೊಳಗೆ ಹುಟ್ಟಿದ ಮರಿ ವೈರಸ್‌ಗಳು ಹೊರಬರುವಾಗಲೂ ಅದೇ ಕೋಶದ ಸಕ್ಕರೆಗೆ, ಒಂದಕ್ಕೊಂದು ಅಂಟಿ ನಿಲ್ಲದಂತೆ ಮಾಡುವುದೂ ಅದೇ. ಟ್ಯಾಮಿಫ್ಲೂ ಎಂಬ ಮಾತ್ರೆಯ ಮದ್ದು ಈ ಕತ್ತರಿಯ ಬಾಯಿಗೆ ಸಯಾಲಿಕ್ ಆಮ್ಲವನ್ನು ಹೋಲುವ ತುಂಡನ್ನು ಸಿಕ್ಕಿಸಿಬಿಡುತ್ತದೆ. ಹಿಡಿತ ಮತ್ತು ಕತ್ತರಿ ಎರಡೂ ಹದವಾಗಿ ಹೊಂದಬೇಕು. ಹಿಡಿತ ಬದಲಾಗಿ ಕತ್ತರಿ ಹಳೆಯದೇ ಉಳಿದರೆ ಹೊಸ ಪ್ರಾಣಿಯಲ್ಲಿ ವೈರಸ್ ಸರಾಗವಾಗಿ ಬೆಳೆಯುವುದಿಲ್ಲ.

ಮತ್ತೆ 1957ಕ್ಕೆ ಬರೋಣ. ಹಿಮಾಗ್ಲುಟಿನಿನ್ ಸುಮಾರು 550 ಅಮೈನೋ ಆಮ್ಲಗಳನ್ನು ಪೋಣಿಸಿದ ಪ್ರೋಟೀನು. ಆ ವರ್ಷದ ಎಚ್2 ವೈರಸ್ ಹಕ್ಕಿಯಿಂದ ಬಂದು ಮನುಷ್ಯರಲ್ಲಿ ನೆಲೆಯಾದಾಗ ತಗ್ಗಿನ ಅಂಚಿನ ಎರಡು ಸ್ಥಾನಗಳು ಬದಲಾದವು. 226ನೆಯ ಸ್ಥಾನದಲ್ಲಿದ್ದ ಗ್ಲುಟಮಿನ್ ಹೋಗಿ ಲ್ಯೂಸಿನ್ ಬಂತು, 228ರಲ್ಲಿದ್ದ ಗ್ಲೈಸಿನ್ ಹೋಗಿ ಸೆರಿನ್ ಬಂತು. ಗ್ಲುಟಮಿನ್ ನೀರಿಗೆ ಒಲಿಯುವ ಸ್ವಭಾವದ್ದು, ಲ್ಯೂಸಿನ್ ಎಣ್ಣೆಯ ಸ್ವಭಾವದ್ದು. ಇಷ್ಟರಿಂದ ತಗ್ಗಿನ ಆಕಾರವೂ ಗುಣವೂ ಬದಲಾಗಿ, ಬಾಗಿದ ಆಲ್ಫಾ 2,6 ಸಕ್ಕರೆ ಅದರಲ್ಲಿ ಹೊಂದಿಕೊಂಡಿತು. 1968ರ ಹಾಂಗ್‌ಕಾಂಗ್ ಫ್ಲೂವಿನ ಎಚ್3 ವೈರಸ್ ಕೂಡ ಬೇರೆಯಾಗಿ ಬಂದು ಇದೇ ಎರಡು ಬದಲಾವಣೆಗಳನ್ನು ಮಾಡಿಕೊಂಡಿತು. 1918ರ ಎಚ್1 ವೈರಸ್ ಹಿಡಿದ ದಾರಿ ಬೇರೆ, ಅಲ್ಲಿ ಬದಲಾದವು 190 ಮತ್ತು 225ನೆಯ ಸ್ಥಾನಗಳು. ತಲುಪಿದ ಊರು ಮಾತ್ರ ಒಂದೇ. ಐನೂರೈವತ್ತು ಮಣಿಗಳ ಸರದಲ್ಲಿ ಎರಡು ಮಣಿ! ಇಷ್ಟು ವರ್ಷ ಇದನ್ನೇ ಪಾಠ ಮಾಡಿದ ಮೇಲೂ ಈ ಮಾತು ಹೇಳುವಾಗ ನನ್ನ ದನಿ ತಗ್ಗುತ್ತದೆ.

ಹಾಗಾದರೆ ಎಚ್5ಎನ್1 ಇಂದೋ ನಾಳೆಯೋ ಆ ಎರಡು ಮಣಿ ಬದಲಿಸಿಕೊಳ್ಳಬಾರದೇಕೆ? 2012ರಲ್ಲಿ ಎರಡು ತಂಡಗಳು ಪ್ರಯೋಗಾಲಯದಲ್ಲಿ ಕೆಲವೇ ಬದಲಾವಣೆಗಳಿಂದ ಅದು ಫೆರೆಟ್ ಎಂಬ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡುವಂತಾದದ್ದನ್ನು ತೋರಿಸಿದವು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಹಸುಗಳಲ್ಲಿ ಹಬ್ಬಿದ ಬಗೆಯ ಹಿಮಾಗ್ಲುಟಿನಿನ್‌ನಲ್ಲಿ 226ನೆಯ ಸ್ಥಾನ ಒಂದೇ ಬದಲಾದರೂ ಅದು ಮನುಷ್ಯರ ಸಕ್ಕರೆಯ ಕಡೆಗೆ ತಿರುಗುತ್ತದೆ ಎಂದು ಕಂಡುಬಂತು. ಆ ಪ್ರಯೋಗ ನಡೆದದ್ದು ಪ್ರೋಟೀನಿನ ಮೇಲೆ, ಜೀವಂತ ವೈರಸ್ಸಿನ ಮೇಲಲ್ಲ. ಸಕ್ಕರೆಯನ್ನು ಹಿಡಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಹಕ್ಕಿಯ ಕರುಳಿನ 40 ಡಿಗ್ರಿ ಬಿಸಿಯಲ್ಲಿ ಬೆಳೆದು ರೂಢಿಯಾದ ವೈರಸ್ ನಮ್ಮ ಮೂಗಿನ 33 ಡಿಗ್ರಿಯಲ್ಲಿ ತನ್ನ ನಕಲು ಮಾಡಿಕೊಳ್ಳಲು ಬೇರೆ ಪ್ರೋಟೀನುಗಳನ್ನೂ ಬದಲಿಸಿಕೊಳ್ಳಬೇಕು. ಹಿಮಾಗ್ಲುಟಿನಿನ್ ಹನಿಯಲ್ಲಿ ಹಾರಿ ಬರುವಾಗ ಕೆಡದಷ್ಟು ಗಟ್ಟಿಯಾಗಿರಬೇಕು. ಇವೆಲ್ಲ ಒಂದೇ ವೈರಸ್ಸಿನಲ್ಲಿ ಕೂಡಿಬರಬೇಕು.

ನಿಮ್ಮ ಮೊದಲ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಹಕ್ಕಿಜ್ವರ ಮನುಷ್ಯರಿಗೆ ಬಂದೇ ಇಲ್ಲ ಎನ್ನುವ ಹಾಗಿಲ್ಲ. 2003ರಿಂದೀಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಲ್ಲಿ ಎಚ್5ಎನ್1 ದೃಢಪಟ್ಟಿದೆ, ಅವರಲ್ಲಿ ಸುಮಾರು ಅರ್ಧ ಜನ ತೀರಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಬಾಲಕನೊಬ್ಬ ಬಲಿಯಾದ. ಇಷ್ಟು ಮಾರಕವಾಗಿಯೂ ಹರಡದೆ ಇರುವುದಕ್ಕೆ ಕಾರಣ ಮತ್ತೆ ಅದೇ ಸಕ್ಕರೆ. ನಮ್ಮ ಶ್ವಾಸಕೋಶದ ತೀರಾ ಆಳದಲ್ಲಿ, ಗಾಳಿಗೂಡುಗಳಲ್ಲಿ, ಹಕ್ಕಿಯ ಬಗೆಯ ಆಲ್ಫಾ 2,3 ಇದೆ. ಸತ್ತ ಕೋಳಿಯನ್ನು ಸುಲಿಯುವಾಗ ಹೆಚ್ಚು ವೈರಸ್ ಒಳಗೆ ಹೋಗಿ ಅಲ್ಲಿ ಕಾಲೂರಿದರೆ ಭಾರಿ ನ್ಯುಮೋನಿಯಾ ಆಗುತ್ತದೆ. ಆದರೆ ಮೂಗು ಗಂಟಲಲ್ಲಿ ಅದು ಚೆನ್ನಾಗಿ ಬೆಳೆಯುತ್ತಿಲ್ಲವಾದ್ದರಿಂದ ಆ ರೋಗಿ ಕೆಮ್ಮಿ ಸೀನಿ ಮನೆಮಂದಿಗೆ ಹಂಚಲಾರ.

ಹಂದಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಅದರ ಶ್ವಾಸನಾಳದಲ್ಲಿ ಎರಡೂ ಬಗೆಯ ಬೆಸುಗೆ ಇದೆ, ಹಕ್ಕಿ ಮತ್ತು ಮನುಷ್ಯರ ವೈರಸ್‌ಗಳು ಒಂದೇ ಕೋಶದಲ್ಲಿ ಸೇರಿ ಜೀನುಗಳನ್ನು ಬೆರೆಸಿಕೊಳ್ಳಬಹುದು ಎಂದು ಬಹುಕಾಲ ಹೇಳಲಾಗಿತ್ತು. ಮುಂದಿನ ಅಧ್ಯಯನಗಳಲ್ಲಿ ಹಂದಿಯ ಸಕ್ಕರೆಯ ಹಂಚಿಕೆ ಬಹುಮಟ್ಟಿಗೆ ನಮ್ಮದನ್ನೇ ಹೋಲುತ್ತದೆ ಎಂದು ಕಂಡಿತು. ಎಲ್ಲ ಅಪವಾದವನ್ನೂ ಹಂದಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೋಳಿಯಲ್ಲೂ ಎರಡೂ ಬಗೆಯ ಸಕ್ಕರೆ ಇದೆ. ಭಾರತದ ಕೋಳಿಗಳಲ್ಲೂ ಹಬ್ಬಿರುವ ಎಚ್9ಎನ್2 ಎಂಬ ಸೌಮ್ಯ ವೈರಸ್ಸಿನ ಅನೇಕ ತಳಿಗಳಲ್ಲಿ 226ನೆಯ ಸ್ಥಾನದಲ್ಲಿ ಈಗಾಗಲೇ ಲ್ಯೂಸಿನ್ ಇದೆ. ಕೋಳಿಗಳು ಸಾಯುವುದಿಲ್ಲವಾದ್ದರಿಂದ ಅದರ ಸುದ್ದಿ ಯಾರೂ ಬರೆಯುವುದಿಲ್ಲ. ನನಗೆ ಎಚ್5ಎನ್1ರಷ್ಟೇ ಅದರ ಮೇಲೂ ಕಣ್ಣಿದೆ.

ಈಗ ಹಸು. 2024ರ ಮಾರ್ಚಿನಲ್ಲಿ ಟೆಕ್ಸಾಸ್ ಮತ್ತು ಕಾನ್ಸಾಸ್‌ನ ಹೈನು ಹಸುಗಳಲ್ಲಿ ಎಚ್5ಎನ್1 ದೃಢಪಟ್ಟಾಗ ನಾವೆಲ್ಲ ಬೆರಗಾದೆವು. ಅದು ಹಬ್ಬಿದ ಜಾಗ ಶ್ವಾಸನಾಳವಲ್ಲ, ಕೆಚ್ಚಲು. ಹಾಲು ಒಸರುವ ಕೋಶಗಳ ಮೇಲೆ ಹಕ್ಕಿಯ ಬಗೆಯ ಸಕ್ಕರೆ ಹೇರಳವಾಗಿದೆ ಎಂದು ಆಮೇಲೆ ತಿಳಿಯಿತು. ಹಾಲು ಇಳಿಮುಖವಾಗಿ, ಕರು ಹಾಕಿ ತಿಂಗಳುಗಳಾದ ಹಸುವಿನ ಹಾಲು ಕೂಡ ಗಿಣ್ಣದ ಹಾಲಿನಂತೆ ಹಳದಿಗಟ್ಟಿ ಮಂದವಾಯಿತು. ಕರೆಯುವ ಯಂತ್ರದ ಬಟ್ಟಲುಗಳ ಮೂಲಕ ಹಸುವಿನಿಂದ ಹಸುವಿಗೆ ದಾಟಿತು, ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹಸು ಸಸ್ತನಿಯಾದ್ದರಿಂದ ವೈರಸ್ ನಮ್ಮ ಹತ್ತಿರಕ್ಕೆ ಒಂದು ಮೆಟ್ಟಿಲು ಇಳಿಯಿತು ಎಂದು ಭಾವಿಸಬೇಕಿಲ್ಲ. ಹಸುವಿನ ದೇಹದಲ್ಲೇ ಅದು ಹಕ್ಕಿಯ ಸಕ್ಕರೆ ಇರುವ ಮೂಲೆಯೊಂದನ್ನು ಹುಡುಕಿಕೊಂಡಿತು, ಅಷ್ಟೇ. ಆದರೆ ಅಲ್ಲಿ ಕೋಟಿ ಕೋಟಿಯಾಗಿ ಬೆಳೆದಷ್ಟೂ ತಪ್ಪು ನಕಲಿನಿಂದ 226ನೆಯ ಮಣಿ ಬದಲಾಗುವ ಅವಕಾಶ ಹೆಚ್ಚುತ್ತದೆ. ನನ್ನ ಚಿಂತೆ ಅದರದು. ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿದರೆ ವೈರಸ್ ಸಾಯುತ್ತದೆ, ನಿಮ್ಮ ಮನೆಯಲ್ಲಿ ದಿನವೂ ಮಾಡುವುದೇ ಅದು.

ಅಲ್ಲಿ ಹಸು ಕರೆಯುವವರಿಗೂ ಸೋಂಕು ತಗುಲಿತು. ಹೆಚ್ಚಿನವರಿಗೆ ಬಂದದ್ದು ಕಣ್ಣು ಕೆಂಪಾಗುವ ಕಾಯಿಲೆ. 2003ರಲ್ಲಿ ನೆದರ್ಲೆಂಡ್ಸ್‌ನ ಕೋಳಿ ಸಾಕಣೆಗಳಲ್ಲಿ ಎಚ್7ಎನ್7 ಹಬ್ಬಿದಾಗಲೂ ಹೀಗೆಯೇ ಆಗಿತ್ತು. ನಮ್ಮ ಕಣ್ಣನ್ನು ಮುಚ್ಚಿರುವ ತೆಳುಪದರದ ಮೇಲೆ ಆಲ್ಫಾ 2,3 ಇದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಡು ಗುಡಿಸುವವರು ಕಣ್ಣನ್ನು ಮರೆಯುತ್ತಾರೆ.

ಮಂಡಗದ್ದೆಗೆ ಮಳೆಗಾಲದಲ್ಲಿ ಗೂಡು ಕಟ್ಟಲು ಬರುವವು ಮುಖ್ಯವಾಗಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಫ್ಲೂ ವೈರಸ್‌ಗಳ ಹುಟ್ಟುಮನೆ ಇವಲ್ಲ. ಬಾತು, ಹೆಬ್ಬಾತು, ಕಡಲಹಕ್ಕಿ, ತೀರದಲ್ಲಿ ನಡೆಯುವ ಸಣ್ಣ ಹಕ್ಕಿಗಳು ಅದರ ಸಹಜ ನೆಲೆ. ಬೆಳ್ಳಕ್ಕಿಗೆ ಸೋಂಕು ತಗುಲಲಾರದು ಎಂದೇನೂ ಇಲ್ಲ, ಆದರೆ ತುಂಗೆಯ ನಡುಗಡ್ಡೆಯನ್ನು ನೋಡಿ ಹೆದರುವ ಕಾರಣ ನನಗೆ ಕಾಣುವುದಿಲ್ಲ. ಗಮನ ಕೊಡಬೇಕಾದದ್ದು ಪಕ್ಕದ ತೋಟದ ಕೆರೆಗೆ. ಬಾತುಕೋಳಿ ಕಾಯಿಲೆಯ ಸುಳಿವೇ ಇಲ್ಲದೆ ವೈರಸ್ಸನ್ನು ಕರುಳಿನಲ್ಲಿ ಹೊತ್ತು ನೀರಿಗೆ ಬಿಡಬಲ್ಲದು, ತಣ್ಣನೆಯ ನೀರಿನಲ್ಲಿ ಅದು ದಿನಗಟ್ಟಲೆ ಬದುಕಬಲ್ಲದು. ನಿಮ್ಮ ಕೋಳಿಗಳು ಆ ಕೆರೆಯ ನೀರು ಕುಡಿಯದಂತೆ ಬೇಲಿ ಹಾಕಿ, ಅವುಗಳಿಗೆ ಬಾವಿಯ ನೀರು ಇಡಿ.

ಒಂದೇ ದಿನ ನಾಲ್ಕೈದು ಕೋಳಿ ಸತ್ತರೆ, ಜುಟ್ಟು ನೀಲಿಗಟ್ಟಿದ್ದರೆ, ಅವನ್ನು ಸುಲಿದು ಸಾರು ಮಾಡಬೇಡಿ. ಬರಿಗೈಯಲ್ಲಿ ಮುಟ್ಟದೆ, ಕಣ್ಣು ಉಜ್ಜಿಕೊಳ್ಳದೆ, ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮಲೆನಾಡಿನಲ್ಲಿ ನಾಟಿ ಕೋಳಿ ಹೀಗೆ ಸತ್ತಾಗ ಬಹುತೇಕ ಸಲ ಕಾರಣ ಕೊಕ್ಕರೆ ರೋಗ, ಮೇಲ್ನೋಟಕ್ಕೆ ಎರಡನ್ನೂ ಬೇರ್ಪಡಿಸಲು ನನ್ನಿಂದಲೂ ಆಗುವುದಿಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ, ಬೆಲೆಯೂ ಕಡಿಮೆ. ನಿಮ್ಮ ಇಪ್ಪತ್ತಕ್ಕೂ ಹಾಕಿಸಿ. ಆಮೇಲೂ ಕೋಳಿಗಳು ಸಾಲಾಗಿ ಸತ್ತರೆ, ಬಂದ ವೈದ್ಯರಿಗೆ ಲಸಿಕೆ ಹಾಕಿಸಿದ ತಾರೀಖನ್ನು ಮೊದಲು ಹೇಳಿ. ಅವರು ಮಾದರಿಯನ್ನು ಎಷ್ಟು ಬೇಗ ಪ್ರಯೋಗಾಲಯಕ್ಕೆ ಕಳಿಸಬೇಕು ಎಂಬುದನ್ನು ಆ ತಾರೀಖಿನಿಂದಲೇ ತೀರ್ಮಾನಿಸಬಲ್ಲರು.